ಕಾಟಮ್ಮನಿಗೆ ಓದಿ ಹೇಳಿದ ಕಾದಂಬರಿ

ಮಧುಗಿರಿ,
೧೧ ಮಾರ್ಚಿ ೧೯೩೪

ಪ್ರಿಯ ಗೆಳೆಯ ಸಂಜೀವಯ್ಯನಿಗೆ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ.

ಎರಡು ತಿಂಗಳು ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ. ನಿನ್ನ ಕಾದಂಬರಿಯನ್ನು ಕಾಟಮ್ಮನಿಗೆ ಓದಿ ಹೇಳಿ ಬರಲು ಆದ ಖರ್ಚು ಮೊದಲು ಕೇಳು: ಪುಸ್ತಕ ಒಂದೂಕಾಲು ರೂಪಾಯಿ, ಪಾವಗಡಕ್ಕೆ ಬಸ್ಸು ಹನ್ನೆರಡಾಣೆ, ಅಲ್ಲಿಂದ ವಳ್ಳೂರಿಗೆ ಗಾಡಿ ಆರಾಣೆ, ಕಚೇರಿ ಜಗಲಿಯ ಅರ್ಜಿ ಬರೆಯುವ ಕಸುಬು ಬಿಟ್ಟ ಮೂರು ದಿನ, ಮೇಲೆ ನನ್ನ ಗಂಟಲು.

ಮೂರು ವರ್ಷದ ಹಿಂದೆ ಅವಳ ಹತ್ತಿರ ನಿನ್ನನ್ನು ಕರೆದುಕೊಂಡು ಹೋದವನು ನಾನೇ ತಾನೆ. ಪ್ಲೇಗಿನ ವರ್ಷ ಮೈಮೇಲೆ ಗಡ್ಡೆ ಎದ್ದಾಗ, ಸೋಂಕು ತಾಕದಿರಲೆಂದು ನಾಲ್ಕು ವರ್ಷದ ಮಗಳನ್ನು ಬಳೆಗಾರ ದಂಪತಿಗಳ ಕೈಗಿತ್ತವಳು. ಬದುಕಿ ಎದ್ದು ನೋಡಿದರೆ ಅವರು ಅನಂತಪುರದ ಕಡೆ ಹೊರಟುಹೋಗಿದ್ದರು. ಮಗಳನ್ನು ಮಾರಿಕೊಂಡಳೆಂದು ಊರು ಇಂದಿಗೂ ಆಡುತ್ತದೆ. ನಿನಗೆ ಎರಡು ದಿನ ಕೂತು ಎಲ್ಲ ಹೇಳಿ, ಅವಳು ಕೇಳಿದ್ದು ಇಷ್ಟೇ: “ನನ್ನ ಎಸರು, ಊರ ಎಸರು ಆಕು ಸಾಮಿ. ಮಾರ್ಲಿಲ್ಲ ಅಂತ ಬರಿ. ಎಲ್ಲಾದ್ರೂ ಓದು ಕಲ್ತಿದ್ರೆ ಅವಳ ಕಣ್ಣಿಗೆ ಬಿದ್ದಾತು.”

ಅಚ್ಚಾದಾಗ ಓದಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಸಂಜೀವಯ್ಯನವರ ಪುಸ್ತಕ ಎಂದಷ್ಟೇ ಹೇಳಿ ಓದತೊಡಗಿದೆ. ಅವಳು ಹುಣಸೆಹಣ್ಣು ಬಿಡಿಸುತ್ತ ಕೇಳಿದಳು. ಅವಳ ತಮ್ಮ ಪಾಲಪ್ಪ ಅರ್ಧಕ್ಕೇ ಎದ್ದ.

“ಇದೇನ್ ಸಾಮಿ, ಒಂದು ಮೋಡ ಬೆಟ್ಟ ದಾಟಕ್ಕೆ ನಾಕು ಪುಟನಾ? ಅಷ್ಟೊತ್ಗೆ ನಾನು ಪಾವಗಡಕ್ಕೋಗಿ ಬಂದ್ಬುಡ್ತಿದ್ದೆ!”

“ಲೇ, ಸುಮ್ಕಿರ್ಲಾ, ಚೆನ್ನಾಗೈತೆ,” ಎಂದು ಕಾಟಮ್ಮ ಗದರಿದಳು.

ಚೆನ್ನಾಗಿದೆ, ನಾನೂ ಒಪ್ಪುತ್ತೇನೆ. ತಾಯಿ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವ ಪುಟವನ್ನಂತೂ ಎರಡು ಸಲ ಓದಿದೆ. ಕಾಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: “ಪಾಪ, ಯಾರು ಸಾಮಿ ಈವಮ್ಮ? ನನ್ನಂಗೇ ಇನ್ನೊಬ್ಳು ಅವ್ಳೆ ಅಂದಂಗಾಯ್ತು. ಅವಳ ಮಗಳು ಸಿಕ್ಕಿದ್ಲಾ?”

“ಗೊತ್ತಿಲ್ಲ ಕಣಮ್ಮ,” ಎಂದೆ. ಹೊರಡುವಾಗ ಗಾಡಿಯವರೆಗೂ ಬಂದು, “ಸಂಜೀವಯ್ಯನೋರು ನಂದು ಯಾವಾಗ ಬರೀತಾರೆ?” ಎಂದಳು.

ನಿನ್ನ ನಾಯಕಿ ಇನ್ನೂರು ಪುಟದುದ್ದಕ್ಕೂ ಬರೀ ‘ಅವಳು’. ಮೈಸೂರಿನ ವಿಮರ್ಶಕರು ಅದನ್ನೇ ಹೊಸ ಶೈಲಿ ಎಂದು ಹೊಗಳಿದ್ದಾರೆ. ಹೆಸರಿಲ್ಲದ್ದರಿಂದ ಲೋಕದ ಎಲ್ಲ ತಾಯಂದಿರೂ ಅವಳೇ ಅಂತೆ. ಇರಬಹುದು. ಆದರೆ ಆ ಒಬ್ಬ ಮಗಳು ಅವಳನ್ನು ಹೇಗೆ ಗುರುತು ಹಿಡಿಯಬೇಕು? ನನ್ನ ಕಸುಬಿನಲ್ಲಿ ಬರೆದದ್ದನ್ನು ಬರೆಸಿದವರಿಗೇ ಓದಿ ಹೇಳುತ್ತೇವೆ. “ಊಂ, ನಂದೇ” ಅಂದರಷ್ಟೇ ಹೆಬ್ಬೆಟ್ಟು. ಶೈಲಿ ಬೇಡವೆನ್ನುತ್ತಿಲ್ಲ. ಇಪ್ಪತ್ತು ವರ್ಷ ಒಣ ಅರ್ಜಿ ಬರೆದಿದ್ದೇನೆ, ಕೇಳಿ ಅತ್ತ ಅಮಲ್ದಾರನನ್ನು ಇನ್ನೂ ಕಂಡಿಲ್ಲ.

ಎರಡನೆಯ ಮುದ್ರಣ ನಡೆದಿದೆ ಎಂದು ಬರೆದಿದ್ದೆಯಲ್ಲ. ಮೊದಲಿಗೆ ಅರ್ಧ ಪುಟ ಸೇರಿಸು: ಇದು ವಳ್ಳೂರಿನ ಕಾಟಮ್ಮನ ಕಥೆ, ಅವಳು ಮಗಳನ್ನು ಮಾರಲಿಲ್ಲ. ಮೋಡ ಹಾಗೇ ಇರಲಿ.

ಸರಸಮ್ಮನಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ನಿನ್ನ ಬರೆಯುವ ಕೈ ತಣ್ಣಗಿರಲಿ.

ನಿನ್ನ,
ಮೂಡಲಗಿರಿಯಪ್ಪ

ತಾ.ಕ.: ನಿನ್ನ ಮೊದಲ ಹಸ್ತಪ್ರತಿಯಲ್ಲಿ ಅವಳ ಹೆಸರೂ ಇತ್ತು, ಊರೂ ಇತ್ತು. ತಿದ್ದಿಕೊಡೆಂದು ನನಗೆ ಕಳಿಸಿದ್ದೆ. ಕೆಂಪು ಶಾಯಿಯಲ್ಲಿ ಅವೆರಡನ್ನೂ ಹೊಡೆದು, “ಇದು ಕಾದಂಬರಿಯಲ್ಲ, ಅರ್ಜಿ” ಎಂದು ಅಂಚಿನಲ್ಲಿ ಬರೆದವನು ನಾನು. ನನಗೂ ಒಂದು ದಿನದ ಮಟ್ಟಿಗೆ ಸಾಹಿತಿಯಾಗುವ ಆಸೆ. ಮುನ್ನುಡಿಯಲ್ಲಿ ನೀನು ನನ್ನ ಉಪಕಾರ ನೆನೆದಿದ್ದೀಯೆ. ಆ ಪುಟ ಮಾತ್ರ ಅವಳಿಗೆ ಓದಲಿಲ್ಲ.

ನಿನಗೆ ಬಹುಮಾನ ಬಂತು. ಪ್ರಕಾಶಕರಿಗೆ ಎರಡನೆಯ ಮುದ್ರಣ. ನನಗೆ ಮುನ್ನುಡಿಯಲ್ಲಿ ಒಂದು ಸಾಲು. ಕಾಟಮ್ಮನಿಗೆ ಇನ್ನೂ ಏನೂ ಇಲ್ಲ.