ಅಮ್ಮ ಮರೆಯದ ಒಬ್ಬ

ಜುಲೈ ೯, ಮಂಗಳವಾರ

ಇವತ್ತೂ ಅಮ್ಮನಿಗೆ ನನ್ನ ಗುರುತು ಸಿಗಲಿಲ್ಲ. ಸ್ನಾನ ಮಾಡಿಸಿ ತಲೆ ಬಾಚುವಾಗ, “ನೀವು ಯಾರಮ್ಮಾ, ದಿನಾ ಬರ್ತೀರಲ್ಲ” ಎಂದಳು. ನಿನ್ನ ಮಗಳು ಎಂದೆ. ಇರಲಿ ಬಿಡಿ ಎನ್ನುವಂತೆ ನಕ್ಕಳು.

ಯೇಸುವನ್ನು ಮಾತ್ರ ಮರೆತಿಲ್ಲ. ಹಿಂದೆ ಹೊಲಿಗೆ ಮೆಷಿನ್ ತುಳಿಯುತ್ತಾ ಹರಟುತ್ತಿದ್ದ ಹಾಗೆಯೇ ಈಗಲೂ ಅವನ ಜೊತೆ ಹರಟುತ್ತಾಳೆ. ಮಂಡಿನೋವು ಹೇಳಿಕೊಳ್ಳುತ್ತಾಳೆ, ಊಟ ಸಪ್ಪೆ ಎಂದು ನನ್ನ ಮೇಲೆ ಚಾಡಿ ಹೇಳುತ್ತಾಳೆ. ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವವಳು ನಾನು. ಆದರೆ ನನ್ನ ಪ್ರಾರ್ಥನೆ ಯಾವತ್ತೂ ಸಾಹೇಬರಿಗೆ ಕೊಟ್ಟ ಅರ್ಜಿಯ ಹಾಗೇ ಇರುತ್ತದೆ. ಹೊಟ್ಟೆಕಿಚ್ಚು, ಅದೂ ದೇವರ ಮೇಲೆ. ಒಂಬತ್ತು ತಿಂಗಳು ಹೊತ್ತದ್ದು ನನ್ನನ್ನು, ನೆನಪಿರುವುದು ಅವನು.

ಮಲಗಿಸಿ, ದೀಪ ಆರಿಸಿ ಬಾಗಿಲ ತನಕ ಬಂದಿದ್ದೆ. ಹಿಂದಿನಿಂದ ಅವಳ ದನಿ, ಗುಟ್ಟು ಹೇಳುವಷ್ಟು ಮೆಲ್ಲಗೆ:

“ಯೇಸಪ್ಪಾ, ಈ ಹುಡುಗಿ ಒಳ್ಳೇವಳು ಕಣಪ್ಪಾ. ತಲೆ ಬಾಚೋವಾಗ ಅಳ್ತಿದ್ಲು. ಪಾಪ, ಅಮ್ಮ ಇಲ್ಲ ಅನ್ಸುತ್ತೆ. ನೀನೇ ನೋಡ್ಕೋ.”

ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. “ಕೇಳಿಸ್ಕೊಂಡ್ಯಾ” ಎಂದೆ ಅವನಿಗೆ. ಆಮೇಲೆ ಅವನ ಜೊತೆ ಹರಟುತ್ತಾ ಕೂತೆ, ಅಮ್ಮನ ಹಾಗೆ.