ಕೈಗವಸಿನ ನೆಪ

ಜನವರಿ ೧೯, ಶನಿವಾರ

ಹಿಮದ ಮೇಲೆ ನೆಟ್ಟಗೆ ನಿಲ್ಲಲು ಬಾರದ ವಿಯೆನ್ನಾದ ಪುಣ್ಯಾತ್ಮ ನನಗೆ ಧೈರ್ಯ ಕಲಿಸುತ್ತಾನಂತೆ! ನಮ್ಮ ಸ್ಕೀ ತಂಡದ ಹೊಸ ಮನಶ್ಶಾಸ್ತ್ರಜ್ಞ, ಎಗ್‌ಬರ್ಟ್.

“ದಾರಿಯ ಕಂಬಗಳನ್ನ ಗೆಳೆಯರು ಅಂದ್ಕೊಳ್ಳಮ್ಮ, ರೊಸ್ವಿಟಾ.” ಪಂದ್ಯದಲ್ಲಿ ನಾವು ಕೈಯಿಂದ ಗುದ್ದಿ ಸರಿಸುತ್ತಾ ಇಳಿಯುವ ಕಂಬಗಳನ್ನು!

“ಗೆಳೆಯರು ಸಿಕ್ಕಾಗ ನೀವೂ ಹೀಗೇ ಗುದ್ದಿ ಮುಂದೆ ಹೋಗ್ತೀರಾ ಡಾಕ್ಟ್ರೇ?”

ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಊಟದ ಮೇಜಿನಲ್ಲೇ ಕಣ್ಣು ಮುಚ್ಚಿಸಿ, ನಾಳೆಯ ಇಳಿಜಾರನ್ನು ಮನಸ್ಸಲ್ಲೇ ಇಳಿ, ಕಂಬ ಬಂದಾಗೆಲ್ಲ ಗಾಳಿಗೆ ಗುದ್ದು ಅಂದ. ಒಳ್ಳೇ ಬೊಂಬೆಯಾಟ! ಗುದ್ದಿದೆ.

“ಕೊನೇ ತಿರುವಲ್ಲಿ ಎಡಗೈ ಹಿಂದಕ್ಕೆ ಎಳ್ಕೊಂಡೆ,” ಅಂದ.

ಹೋದ ವರ್ಷ ನನ್ನ ಬೆರಳು ಮುರಿದದ್ದು ಅಲ್ಲೇ. ಅದು ಈ ಪೆದ್ದನಿಗೇನು ಗೊತ್ತು?

“ಹೊಸ ಕೈಗವಸು ಬಿಗಿ, ಡಾಕ್ಟ್ರೇ. ಗೆಣ್ಣಿನ ಮೇಲೆ ಗಟ್ಟಿ ಕವಚ ಬೇರೆ. ಅದಕ್ಕೇ!” ಅಂತ ರೇಗಿದೆ.

ಅವನು ನನ್ನ ಬರಿಗೈಗಳನ್ನೇ ನೋಡಿದ. ಕೈಗವಸು ಒಲೆಯ ಪಕ್ಕ ಒಣಗುತ್ತಿತ್ತು.