ಐದನೇ ಜ್ವರ

ಜುಲೈ 3, ಗುರುವಾರ
ಎಂಟೂವರೆ ಬಸ್ ಮಿಸ್. ಚಿಕ್ಕಬಳ್ಳಾಪುರದ ಆಫೀಸಿಗೆ ಮತ್ತೆ ತಡ. ಅಕ್ಕಯಮ್ಮನ ಹದಿನೆಂಟು ವರ್ಷದ ನೋಟ್‌ಬುಕ್‌ಗಳ ಟೈಪಿಂಗ್ ಅಂತೂ ಮುಗಿಯಿತು. ಮೇಲೂರಿನಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ದಿನವೂ ಬರೆದಿಡುತ್ತಾರೆ. ಸಾಕಣೆದಾರರು ಮಾತಲ್ಲಿ ಕೇಳಿದರೆ ಮಾತಲ್ಲೇ ಉತ್ತರಿಸುವ ನಮ್ಮ ಆ್ಯಪ್ ನಿಂತಿರುವುದೇ ಅದರ ಮೇಲೆ.

ಗೌರಿಬಿದನೂರಿನವಳು ನಾನು, ಈ ‘ಜ್ವರ’ ಗೊತ್ತಿರಲಿಲ್ಲ. ಹುಳು ಸೊಪ್ಪು ಬಿಟ್ಟು, ಅಲುಗಾಡದೆ ಪೊರೆ ಬಿಡುವುದು. ಕಳಚಿಕೊಂಡರೆ ‘ಎದ್ದಿದೆ’. “ನಾಲ್ಕೇ ಜ್ವರ ಕಣಮ್ಮ ಅದಕ್ಕೆ. ಆಮೇಲೆ ಗೂಡೇ” ಎಂದಿದ್ದರು ಅಕ್ಕಯಮ್ಮ. ನೋಟ್‌ಬುಕ್‌ಗಳಲ್ಲಿ ಆ ಪದ ಮುನ್ನೂರಕ್ಕೂ ಹೆಚ್ಚು ಸಲ ಇದೆ. ಎಲ್ಲವೂ ಹುಳದ್ದೇ.

ಜುಲೈ 7, ಸೋಮವಾರ
ಸಿದ್ಧಾರ್ಥ್ ಜೊತೆ ಜಗಳ. ಕೋಡ್ ಬರೆಯುವವರು ನಾವಿಬ್ಬರೇ, ಆದರೂ ದಿನಾ ಜಗಳ. ಹಳೆಯ ಡೇಟಾ ಒಂದು ಹೇಳಿ, ಇವತ್ತಿನ ಎಂಟ್ರಿ ಇನ್ನೊಂದು ಹೇಳಿದರೆ ಯಾವುದನ್ನು ನಂಬುವುದು?

“ಇವತ್ತಿಂದು ಇವತ್ತಿಂದೇ ಕಣೇ. ಹೊಂದದಿದ್ರೆ ನಿಲ್ಸು, ವಾಪಸ್ ಕೇಳು.”

ಕೇಳುವುದಂತೆ! ಹುಳ ಸಾಕುವ ಎರ್ರಪ್ಪ ಮರಿಹುಳ ತಂದ ದಿನವೇ ‘ಗೂಡು’ ಒತ್ತಿದ್ದಾರೆ. ಹಳೆಯದೇ ಗೆಲ್ಲಲಿ ಅಂತ ಬರೆದೆ. ಮೊಂಡಿ ಅಂದ. ಹೌದು, ಮೊಂಡಿಯೇ.

ಆ್ಯಪ್‌ನ ಉತ್ತರಗಳೆಲ್ಲ ನನ್ನ ದನಿಯಲ್ಲೇ ರೆಕಾರ್ಡ್ ಆದವು. ಗಂಟಲು ಕಟ್ಟಿದೆ.

ಜುಲೈ 11, ಶುಕ್ರವಾರ
ಮೇಲೂರು. ಹುಳುಗಳು ನಾಲ್ಕನೇ ಜ್ವರದಿಂದ ಆಗಷ್ಟೇ ಎದ್ದಿದ್ದವು. ಆ್ಯಪ್ ಹಾಕಿಕೊಟ್ಟೆ. “ಅಯ್ಯೋ, ನೀನೇ ಒಳಗೆ ಕೂತಿದ್ದೀಯಲ್ಲಮ್ಮ!” ಎಂದು ಅಕ್ಕಯಮ್ಮ ನಕ್ಕರು.

“ಏನಿದ್ರೂ ಇದಕ್ಕೇ ಹೇಳಿ. ನಾನು ನೋಡ್ತೀನಿ” ಅಂದೆ.

ಅವರ ಮಗಳು ಯಾಮಿನಿ ಮುಂದಿನ ವಾರ ಟ್ರೇನಿಂಗ್‌ಗೆಂದು ಚಿಂತಾಮಣಿಗೆ ಹೋಗುತ್ತಾಳೆ. ಮುದ್ದೆ, ಬಸ್ಸಾರು. ಎರಡು ಸಲ ಬಡಿಸಿದರು.

ಜುಲೈ 22, ಮಂಗಳವಾರ
ಅಕ್ಕಯಮ್ಮನ ಮೊದಲ ವಾಯ್ಸ್ ಬಂತು! “ತನುಜಮ್ಮಾ, ಜ್ವರ. ಇನ್ನೂ ಎದ್ದಿಲ್ಲ.” ಆ್ಯಪ್ ತಕ್ಷಣ: “ಗಾಬರಿ ಬೇಡ. ಅಲುಗಾಡಿಸಬೇಡಿ. ಒಂದೇ ದಿನ, ತಾನಾಗಿ ಏಳುತ್ತೆ.” ಶನಿವಾರವೇ ಗೂಡು ಕಟ್ಟಲು ಬಿಟ್ಟೆ ಅಂತ ಅವರದೇ ಎಂಟ್ರಿ ಇದೆ... ತಪ್ಪಿ ಒತ್ತಿರಬೇಕು. ನೋಟ್‌ಬುಕ್‌ಗಳಲ್ಲಿ ಜ್ವರ ಅಂದರೆ ಹುಳದ್ದೇ, ಹಳೆಯದೇ ಗೆದ್ದಿತು. ಸಿದ್ಧಾರ್ಥ್‌ಗೆ ತೋರಿಸಿ ಬೀಗಿದೆ.

“ಒಂದು ಫೋನ್ ಮಾಡಿ ನೋಡೇ” ಅಂದ.

ನಾಳೆ ಮಾಡಬೇಕು.

ಜುಲೈ 29, ಮಂಗಳವಾರ
ಮಾಡಲಿಲ್ಲ.

ಡೆಂಗ್ಯೂ. ಭಾನುವಾರ ಅಕ್ಕಯಮ್ಮ ಹೋಗಿಬಿಟ್ಟರು. ಇವತ್ತು ಮೇಲೂರಿಗೆ ಹೋಗಿದ್ದೆ. ಪಕ್ಕದ ಮನೆಯ ವೆಂಕಟರತ್ನಮ್ಮ ಹೇಳಿದರು: “ಆಸ್ಪತ್ರೆಗೆ ಹೋಗಣ ಬಾ ಅಂದೆ. ‘ನನ್ನೂ ಹುಳ ಮಾಡವ್ಳೆ ನೋಡು ತನುಜಮ್ಮ. ಒಂದೇ ದಿನ ಅಂದವ್ಳೆ, ಸುಮ್ನಿರು’ ಅಂತ ನಗ್ತಿದ್ಲಮ್ಮ. ಎರಡು ದಿನ ಹಂಗೇ ಮಲ್ಗಿದ್ಲು.”

ಯಾಮಿನಿ ಫೋನ್ ತೆಗೆದು ಎರಡು ದನಿಗಳನ್ನೂ ಕೇಳಿಸಿದಳು. ಮೊದಲು ಅಮ್ಮನದು. ಆಮೇಲೆ ನನ್ನದು.

“ಅಮ್ಮ ನಿಮ್ಗೇ ಹೇಳಿದ್ಲು ಅಲ್ವಾ ಅಕ್ಕ?”

ಹೌದು ಅಂದೆ. ನನ್ನಿಂದಲೇ ಆಯಿತು. ಇದನ್ನು ಇಲ್ಲಾದರೂ ಬರೆದಿಡಬೇಕು.

ಆಗಸ್ಟ್ 11, ಸೋಮವಾರ
ನೋಟ್‌ಬುಕ್‌ಗಳನ್ನು ಮತ್ತೆ ತಿರುವಿದೆ. ಹದಿನೆಂಟು ವರ್ಷದಲ್ಲಿ ತಮ್ಮ ಮೈ ಕಾದದ್ದನ್ನು ಒಂದು ಸಲವೂ ಬರೆದಿಲ್ಲ. ಮೊದಲ ಸಲ ಹೇಳಿದ್ದು ನನಗೆ.

ರೂಲ್ ಬದಲಿಸಿದೆ. ಹೊಂದದಿದ್ದರೆ ನಿಲ್ಲಬೇಕು, ಕೇಳಬೇಕು. ಸಿದ್ಧಾರ್ಥ್ ಕೋಡ್ ಓದಿ ಒಪ್ಪಿಗೆ ಒತ್ತಿದ. ಬೈದಿದ್ದರೆ ಚೆನ್ನಾಗಿತ್ತು.

ಟೆಸ್ಟ್‌ಗೆ ಅವರ ದನಿಯನ್ನೇ ಹಾಕಿದೆ. “ತನುಜಮ್ಮಾ, ಜ್ವರ. ಇನ್ನೂ ಎದ್ದಿಲ್ಲ.”

ಈ ಸಲ ನನ್ನ ದನಿ ಕೇಳಿತು: “ಜ್ವರ ಯಾರಿಗಮ್ಮ?”

ಉತ್ತರಕ್ಕೆ ಮೂವತ್ತು ಸೆಕೆಂಡ್ ಕಾಯುವಂತೆ ಬರೆದಿದ್ದೇನೆ. ಕಾದೆ. ಇಪ್ಪತ್ತೆಂಟು. ಇಪ್ಪತ್ತೊಂಬತ್ತು —